ಥೆರಪಿಸ್ಟ್ ಹುಡುಕೋ ಮುಂಚೆ ಅಮ್ಮನಿಗೊಂದು ಫೋನ್

ಪಾಲೋ ಆಲ್ಟೋದ ನಮ್ಮ ಮನೆ ಫ್ರಿಜ್ ಮೇಲೆ ಕಳೆದ ವರ್ಷ ಒಂದು ಚೀಟಿ ಅಂಟಿಸಿದ್ವಿ: "ಥೆರಪಿಸ್ಟ್‌ಗೆ ಫೋನ್ ಮಾಡು." ಐದು ತಿಂಗಳು ಅದು ಅಲ್ಲೇ ಇತ್ತು. ಎಡಿಎಚ್‌ಡಿಗೆ ಸಹಾಯ ಬೇಕಂದ್ರೆ ಹತ್ತು ಕಡೆ ಫೋನ್ ಮಾಡಿ, ಫಾರ್ಮ್ ತುಂಬಿ, ವಾರಗಟ್ಟಲೆ ಕಾದು, ಮರೆಯದೆ ಮತ್ತೆ ವಿಚಾರಿಸಬೇಕು. ಎಡಿಎಚ್‌ಡಿ ಇರೋರಿಗೆ ಕೈಲಾಗದ ಕೆಲಸವೇ ಅದು! ಕೊನೆಗೆ ಮನೆಯ ಮೂವರೂ ಒಟ್ಟಿಗೆ ಕೂತು ಒಂದೇ ಮಧ್ಯಾಹ್ನ ಎಂಟು ಫೋನ್ ಮಾಡಿದ್ವಿ.

ನಾವು ಮಾಡಿದ ತಪ್ಪು, ಎಲ್ಲಾ ಕೆಲಸಕ್ಕೂ ಒಬ್ಬರೇ ಸಿಗ್ತಾರೆ ಅಂದ್ಕೊಂಡಿದ್ದು. ಕ್ಯಾಲಿಫೋರ್ನಿಯಾದಲ್ಲಿ ಹೆಸರಿನ ಪಕ್ಕ ಎಲ್‌ಎಂಎಫ್‌ಟಿ, ಎಲ್‌ಸಿಎಸ್‌ಡಬ್ಲ್ಯು ಅಂತ ಇರೋರು ಥೆರಪಿ ಕೊಡ್ತಾರೆ, ಮಾತ್ರೆ ಬರೆಯೋ ಹಾಗಿಲ್ಲ. ಸೈಕಾಲಜಿಸ್ಟ್ ಪರೀಕ್ಷಿಸಿ ವರದಿ ಕೊಡಬಲ್ಲರು, ಅವರೂ ಮಾತ್ರೆ ಬರೆಯಲ್ಲ. ಅದಕ್ಕೆ ಸೈಕಿಯಾಟ್ರಿಸ್ಟ್‌ನಂಥ, ಮಾತ್ರೆ ಬರೆಯೋ ಅಧಿಕಾರ ಇರೋರು ಬೇಕು. ಈ ವ್ಯತ್ಯಾಸ ವೀಸಾಗೂ ತಟ್ಟುತ್ತೆ. ಎಫ್-1ನಲ್ಲಿ ಆರೋಗ್ಯದ ಕಾರಣಕ್ಕೆ ಕೋರ್ಸ್ ಕಡಿಮೆ ಮಾಡಬೇಕಾದ್ರೆ ವೈದ್ಯರ ಅಥವಾ ಲೈಸೆನ್ಸ್ ಇರುವ ಕ್ಲಿನಿಕಲ್ ಸೈಕಾಲಜಿಸ್ಟ್ ಪತ್ರ ಬೇಕು, ಎಲ್‌ಎಂಎಫ್‌ಟಿ ಪತ್ರ ಸಾಲದು. ಕೋರ್ಸ್ ಬಿಡೋ ಮುಂಚೆಯೇ ಡಿಎಸ್‌ಒ ಒಪ್ಪಿಗೆಯೂ ಆಗಿರಬೇಕು.

ಸ್ಟ್ಯಾನ್‌ಫರ್ಡ್‌ನಲ್ಲಿ ಓದೋರು ಕ್ಯಾಪ್ಸ್‌ನಿಂದ ಶುರು ಮಾಡಬಹುದು. ಅಲ್ಲಿ ಸಿಗೋದು ಅಲ್ಪಾವಧಿಯ ಸಹಾಯ, ಮುಂದಕ್ಕೆ ಹೊರಗಿನವರನ್ನು ಹುಡುಕಿಕೊಳ್ಳಬೇಕು. ಪರೀಕ್ಷೆಯಲ್ಲಿ ಹೆಚ್ಚುವರಿ ಸಮಯ ಬೇಕಿದ್ದರೆ ಆಫೀಸ್ ಆಫ್ ಅಕ್ಸೆಸಿಬಲ್ ಎಜುಕೇಶನ್‌ಗೆ ಅರ್ಜಿ ಹಾಕಬೇಕು.

ಇನ್ನು ಅಮ್ಮನ ವಿಷಯ. 2013ರ ಡಿಎಸ್‌ಎಂ-5 ಪ್ರಕಾರ 17 ತುಂಬಿದವರಲ್ಲಿ ಗಮನದ ಅಥವಾ ಚಡಪಡಿಕೆಯ 9 ಲಕ್ಷಣಗಳಲ್ಲಿ ಕನಿಷ್ಠ 5 ಇರಬೇಕು, ಕೆಲವಾದರೂ 12ನೇ ವಯಸ್ಸಿನೊಳಗೇ ಕಾಣಿಸಿಕೊಂಡಿರಬೇಕು. ಹಾಗಾಗಿ ಬಾಲ್ಯದ ಬಗ್ಗೆ ಕೇಳೇ ಕೇಳ್ತಾರೆ. ನಮ್ಮಲ್ಲೊಬ್ಬಳು ಹಾಸನಕ್ಕೆ ಫೋನ್ ಹಚ್ಚಿದಳು.

"ಅಮ್ಮಾ, ನನ್ನ ಪ್ರೈಮರಿ ಮಾರ್ಕ್ಸ್ ಕಾರ್ಡ್ ಇದೆಯಾ?"

"ಯಾಕೇ, ವೀಸಾಗಾ?"

ವಿಷಯ ಹೇಳಿದ ಮೇಲೆ ಸ್ವಲ್ಪ ಹೊತ್ತು ಮಾತಿಲ್ಲ. ಆಮೇಲೆ, "ಡಿಸ್ಟಿಂಕ್ಷನ್ ಬಂದೋಳಿಗೆ ಎಂಥದ್ದೇ ಅದು?"

ಈ ಪ್ರಶ್ನೆ ನಮಗೂ ಇತ್ತು. ಆದರೆ ಆ ಮಾರ್ಕ್ಸ್ ಹಿಂದೆ ಐದು ಗಂಟೆಗೆ ಎಬ್ಬಿಸೋ ಅಮ್ಮ, ಟ್ಯೂಷನ್, ಪಿಯುಸಿ ಹಾಸ್ಟೆಲ್ ಬೆಲ್ ಎಲ್ಲಾ ಇತ್ತು. ಇಲ್ಲಿ ಬೆಲ್ ಹೊಡೆಯೋರು ಯಾರೂ ಇಲ್ಲ. ಒಳ್ಳೆ ಅಂಕ ಬಂದಿದ್ದಕ್ಕೇ ಎಡಿಎಚ್‌ಡಿ ಇಲ್ಲ ಅನ್ನೋಕಾಗಲ್ಲ.

ಮರುದಿನ ವಾಟ್ಸಾಪ್‌ನಲ್ಲಿ ಮೂರು ಫೋಟೋ. ಮೂರೂ ವರ್ಷ ಬೇರೆ ಬೇರೆ ಟೀಚರ್, ಷರಾ ಒಂದೇ: ಬುದ್ಧಿವಂತೆ, ಲಕ್ಷ್ಯ ಕೊಡುವುದಿಲ್ಲ. ಜೊತೆಗೊಂದು ವಾಯ್ಸ್ ಮೆಸೇಜ್: "ಅದಕ್ಕೇನಾ ಹಾಗಾಗ್ತಿದ್ದಿದ್ದು? ಸುಮ್‌ಸುಮ್ನೆ ಹೊಡೆದುಬಿಟ್ನಲ್ಲೇ." ಅವಳು ಅವತ್ತು ಲ್ಯಾಬ್‌ಗೆ ಹೋಗಲಿಲ್ಲ.

ಫೋನ್ ಮಾಡಿದಾಗ ಏನು ಕೇಳಬೇಕು? ಎಷ್ಟೋ ಥೆರಪಿಸ್ಟ್‌ಗಳು ಮೊದಲ 15 ನಿಮಿಷದ ಮಾತಿಗೆ ಫೀಸ್ ತಗೊಳ್ಳಲ್ಲ. ವಯಸ್ಕರ ಎಡಿಎಚ್‌ಡಿಯಲ್ಲಿ ಅನುಭವ ಇದೆಯಾ, ಪ್ರತಿ ಸೆಷನ್‌ನಲ್ಲಿ ಏನು ಮಾಡ್ತೀವಿ ಅಂತ ನೇರವಾಗಿ ಕೇಳಿ. ಎಡಿಎಚ್‌ಡಿಗೆಂದೇ ರೂಪಿಸಿದ ಸಿಬಿಟಿಯಲ್ಲಿ ಕ್ಯಾಲೆಂಡರ್ ಬಳಸೋದು, ದೊಡ್ಡ ಕೆಲಸ ಒಡೆಯೋದು, ಮುಂದೂಡೋ ಚಟ ಹಿಡಿಯೋದು ಇದೇ ಮುಖ್ಯ. ಬರೀ "ಮನಸ್ಸು ಬಿಚ್ಚಿ ಮಾತಾಡೋಣ" ಅಂದವರನ್ನ ನಾವು ಬಿಟ್ವಿ. ಇನ್ಶೂರೆನ್ಸ್ ತಗೊಳ್ಳದವರು ಸೂಪರ್‌ಬಿಲ್ ಕೊಡ್ತಾರಾ ಕೇಳಿ. ನಿಮ್ಮ ಪ್ಲಾನ್ ಒಪ್ಪಿದರೆ ಸ್ವಲ್ಪ ಹಣ ವಾಪಸ್ ಬರುತ್ತೆ.

ಥೆರಪಿಸ್ಟ್ ಲೈಸೆನ್ಸ್ ರಾಜ್ಯಕ್ಕೆ ಸೀಮಿತ. ಬೇಸಿಗೆಯಲ್ಲಿ ಸಿಯಾಟಲ್‌ಗೆ ಇಂಟರ್ನ್‌ಶಿಪ್‌ಗೆ ಹೋದರೆ ವಿಡಿಯೋ ಸೆಷನ್ನೂ ನಿಲ್ಲಬಹುದು, ಮೊದಲೇ ಮಾತಾಡಿಕೊಳ್ಳಿ. ಅಡೆರಾಲ್‌ನಂಥ ಮಾತ್ರೆಗೆ ರೀಫಿಲ್ ಇಲ್ಲ, ಪ್ರತಿ ಸಲ ಹೊಸ ಪ್ರಿಸ್ಕ್ರಿಪ್ಷನ್ ಬೇಕು. ಡಿಸೆಂಬರ್‌ನಲ್ಲಿ ಊರಿಗೆ ಹೊರಡೋರು ಟಿಕೆಟ್ ಬುಕ್ ಮಾಡಿದ ದಿನವೇ ಡಾಕ್ಟರಿಗೆ ತಿಳಿಸಿ.