ಮುಟ್ಟದೆ ನೋಡುವ ಪರೀಕ್ಷೆ

ದಿನ ತುಂಬುವ ಮೊದಲೇ ಹುಟ್ಟಿದ ಕೂಸಿನ ಮಿದುಳು ಹೇಗೆ ಬೆಳೆಯುತ್ತಿದೆ ಎಂದು ತಿಳಿಯಲು ಡಾಕ್ಟರುಗಳು ಬಹುಕಾಲ ಮಗುವನ್ನು ಎತ್ತಿ, ಕಾಲು ಮಡಿಸಿ, ತಟ್ಟಿ ನೋಡುತ್ತಿದ್ದರು. ಆಸ್ಟ್ರಿಯಾದ ಹೈನ್ಸ್ ಪ್ರೆಕ್ಟಲ್ ಸುಮ್ಮನೆ ನೋಡಿದರೆ ಸಾಕು ಎಂದರು. ಪ್ರಾಣಿಗಳ ನಡವಳಿಕೆ ಗಮನಿಸಿ ಪಳಗಿದ್ದ ಕಣ್ಣು ಅವರದು. ಪ್ರಾಣಿಯನ್ನು ಕೆಣಕದೆ ನೋಡುವ ಆ ಅಭ್ಯಾಸವನ್ನೇ ಅವರು ನೆದರ್‌ಲ್ಯಾಂಡ್ಸ್‌ನ ಗ್ರೋನಿಂಗನ್‌ನಲ್ಲಿ ಶಿಶುಗಳತ್ತ ತಿರುಗಿಸಿದರು.

ವಿಧಾನ ಸರಳ. ಮಗು ಅಂಗಾತ ಮಲಗಿರಬೇಕು, ಎಚ್ಚರವಿರಬೇಕು, ಅಳುತ್ತಿರಬಾರದು. ಗಿಲಕಿ ಆಡಿಸುವಂತಿಲ್ಲ, ಮಾತಾಡಿಸುವಂತಿಲ್ಲ. (ಅಜ್ಜಿಯಂದಿರಿರುವ ಮನೆಯಲ್ಲಿ ಇದೇ ಕಠಿಣ ಷರತ್ತು.) ಕೆಲವು ನಿಮಿಷ ವಿಡಿಯೊ ತೆಗೆದುಕೊಂಡರಾಯಿತು. ತರಬೇತಿ ಪಡೆದವರು ಆಮೇಲೆ ಅದನ್ನು ನೋಡುವಾಗ ಒಂದೊಂದೇ ಕೈಕಾಲಿನ ಲೆಕ್ಕ ಹಿಡಿಯುವುದಿಲ್ಲ, ಇಡೀ ಮೈಯ ಚಲನೆ ನೋಡುತ್ತಾರೆ. ಅದರಲ್ಲಿ ಏರಿಳಿತವಿದೆಯೇ, ವೈವಿಧ್ಯವಿದೆಯೇ? ಅಥವಾ ಕೈಕಾಲೆಲ್ಲ ಒಟ್ಟಿಗೇ ಬಿಗಿದು, ಒಟ್ಟಿಗೇ ಸಡಿಲವಾಗುತ್ತಿವೆಯೇ?

ಮೂರರಿಂದ ಐದು ತಿಂಗಳ ನಡುವೆ ಕುತ್ತಿಗೆ, ಮೈ, ಕೈಕಾಲುಗಳಲ್ಲಿ ಸಣ್ಣಸಣ್ಣ ಸುತ್ತು ಚಲನೆಗಳು ಕಾಣಬೇಕು. ತಜ್ಞರು ಇವನ್ನು ‘ಫಿಜೆಟಿ’ ಎನ್ನುತ್ತಾರೆ. ಈ ತಿಂಗಳುಗಳನ್ನು ಎಣಿಸುವುದು ಹುಟ್ಟಿದ ದಿನದಿಂದಲ್ಲ, ಡಾಕ್ಟರು ಕೊಟ್ಟಿದ್ದ ಹೆರಿಗೆ ದಿನಾಂಕದಿಂದ. ಚುಚ್ಚುಮದ್ದಿಗೆ ಮಾತ್ರ ಹುಟ್ಟಿದ ದಿನವೇ ಲೆಕ್ಕ. ಎರಡನ್ನೂ ಕಲಸಿಕೊಂಡು ‘ನಮ್ಮ ಮಗು ಹಿಂದುಳಿದಿದೆ’ ಎಂದು ಕೊರಗುವ ಮನೆಗಳು ಕಡಿಮೆಯಿಲ್ಲ.

1997ರಲ್ಲಿ ಪ್ರೆಕ್ಟಲ್ ತಂಡ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ 130 ಶಿಶುಗಳ ಅಧ್ಯಯನ ಪ್ರಕಟಿಸಿತು. ಫಿಜೆಟಿ ಚಲನೆ ಸರಿಯಿದ್ದ 70 ಮಕ್ಕಳಲ್ಲಿ 67 ಮಂದಿ ಮುಂದೆ ನರದೋಷವಿಲ್ಲದೆ ಬೆಳೆದರು. ಅದು ಕಾಣದ ಅಥವಾ ವಿಕಾರವಾಗಿದ್ದ 60ರಲ್ಲಿ 57 ಮಕ್ಕಳಿಗೆ ತೊಂದರೆ ಕಾಣಿಸಿತು. ಮೊದಲೆಲ್ಲ ಸೆರೆಬ್ರಲ್ ಪಾಲ್ಸಿ (ಮಿದುಳಿನ ಹಾನಿಯಿಂದ ಚಲನೆ ಕೆಡುವ ತೊಂದರೆ) ಇದೆಯೆಂದು ಹೇಳಲು ಒಂದೆರಡು ವರ್ಷ ಕಾಯುತ್ತಿದ್ದರು. ಈಗ ಎಂಆರ್‌ಐ ಮತ್ತು ಹ್ಯಾಮರ್‌ಸ್ಮಿತ್ ನರಪರೀಕ್ಷೆಯ ಜೊತೆಗೆ ಇದನ್ನೂ ಸೇರಿಸಿಕೊಂಡರೆ ಐದು ತಿಂಗಳೊಳಗೇ ಸುಳಿವು ಸಿಗುತ್ತದೆ. ಮಿದುಳು ಇನ್ನೂ ಬಾಗುವ ವಯಸ್ಸಿನಲ್ಲೇ ಫಿಸಿಯೊಥೆರಪಿ ಶುರುಮಾಡಬಹುದು. ಆದರೆ ಮೊದಲ ವಾರಗಳ ಒಂದೇ ವಿಡಿಯೊ ನಂಬಿ ತೀರ್ಪು ಕೊಡುವುದು ತಪ್ಪು. ಆಗ ಮಂಕಾಗಿ ಕಂಡ ಎಷ್ಟೋ ಮಕ್ಕಳ ಚಲನೆ ಮುಂದೆ ಸರಿಹೋಗುತ್ತದೆ.

ಪರೀಕ್ಷೆಗೆ ಮುಟ್ಟಬಾರದು, ಆರೈಕೆಗೆ ಮುಟ್ಟಲೇಬೇಕು. 1978ರಲ್ಲಿ ಕೊಲಂಬಿಯಾದ ಬೊಗೊಟಾದಲ್ಲಿ ಇನ್‌ಕ್ಯುಬೇಟರ್ ಸಾಲದಾದಾಗ ಡಾ. ಎಡ್ಗರ್ ರೇ ಕೂಸುಗಳನ್ನು ತಾಯಂದಿರ ಬರಿ ಎದೆಗೆ ಅಪ್ಪಿಸಿದರು. ಅದೇ ಕಾಂಗರೂ ಆರೈಕೆ. ಹೀಗೆ ಬೆಳೆದವರನ್ನು ಇಪ್ಪತ್ತು ವರ್ಷಗಳ ನಂತರ ಪರೀಕ್ಷಿಸಿದಾಗ ಅದರ ಫಲ ಮಿದುಳಿನಲ್ಲೂ ನಡವಳಿಕೆಯಲ್ಲೂ ಕಂಡಿತು. ನಮ್ಮ ಕೊಪ್ಪಳ ಜಿಲ್ಲೆಯಲ್ಲಿ ಬೆಂಗಳೂರಿನ ಸೇಂಟ್ ಜಾನ್ಸ್ ಸಂಶೋಧಕರು ಸರಕಾರಿ ಆಸ್ಪತ್ರೆಯಿಂದ ಮನೆಯವರೆಗೂ ಇದನ್ನು ಒಯ್ಯುವ ದಾರಿ ಹುಡುಕಿದರು. ದಿನಕ್ಕೆ ಕನಿಷ್ಠ ಎಂಟು ಗಂಟೆ ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಅಷ್ಟು ಹೊತ್ತು ಬಾಣಂತಿಯೊಬ್ಬಳಿಂದಲೇ ಆಗುವ ಮಾತಲ್ಲ. ಅಪ್ಪನೂ ಅಂಗಿ ಬಿಚ್ಚಿ ಕೂರಬೇಕು, ಸರದಿಗೆ ಅಜ್ಜಿಯೂ ಬರಬೇಕು.