ಮುಕ್ಕಣ್ಣನ ಗೋಡೆ

ಹಲಸಿಯ ಭೂವರಾಹ ನರಸಿಂಹ ಗುಡಿಯ ಪ್ರಾಕಾರದಲ್ಲಿ ಬೆಳಗಿನ ಬಿಸಿಲು ಮೊದಲು ತಾಕುವುದು ಪಡುವಣ ಗೋಡೆಯ ನೆತ್ತಿಗೆ. ಅಲ್ಲಿಂದ ಕಲ್ಲಿನ ಒಂದೊಂದೇ ವರಸೆ ಇಳಿಯುತ್ತ ಬರುತ್ತದೆ. ಮೂರನೆಯ ವರಸೆಯಲ್ಲಿ ಎರಡು ಕಲ್ಲುಗಳು ಕೂಡದೆ ಬಿಟ್ಟ ಒಂದು ಸಂದಿದೆ. ಬಿಸಿಲು ಅದರ ತುಟಿಗೆ ಬಂದ ಮೇಲೆ ಒಳಗಿನಿಂದ ಒಂದು ಮೂತಿ ಕಾಣುತ್ತದೆ, ಆಮೇಲೆ ಅರ್ಧ ಮುಚ್ಚಿದ ಒಂದು ಕಣ್ಣು. ಬಹಳ ಹೊತ್ತು ಅಷ್ಟೇ. ಕೊನೆಗೆ ಮುಂಗಾಲೊಂದು ಹೊರಬಂದು ಐದೂ ಬೆರಳು ಅಗಲಿಸಿ ಕಲ್ಲನ್ನು ಹಿಡಿಯುತ್ತದೆ.

ವೈಶಾಖದ ಕೊನೆಯಿಂದ ಕಾರ ಹುಣ್ಣಿಮೆಯವರೆಗೆ ಬಿಡುವಾದ ದಿನಗಳಲ್ಲೆಲ್ಲ ನಾನು ಈ ಗೋಡೆಯೆದುರು ಕೂತಿದ್ದೇನೆ. ಬಂದದ್ದು ಕದಂಬರ ಗುಡಿ ನೋಡಲು. ಎದುರುಬದುರಾದ ಎರಡು ಗರ್ಭಗುಡಿಗಳನ್ನೂ, ವರಾಹನನ್ನೂ, ಮೆಟ್ಟಿಲು ಮೆಟ್ಟಿಲಾಗಿ ಏರುವ ಶಿಖರವನ್ನೂ ನೋಡಿದೆ. ನೋಡಿ ಹೊರಬಂದವನನ್ನು ಹಿಡಿದು ಕೂರಿಸಿದ್ದು ಈ ಓತಿಕ್ಯಾತ.

ಸಂದಿನಿಂದ ಹೊರಬಂದಾಗ ಅದರ ಮೈ ಒಲೆಯ ಬೂದಿಗೆ ಮಸಿ ಬೆರೆಸಿದ ಬಣ್ಣ. ತಣ್ಣಗಿನ ಮೈ ಕಪ್ಪಾಗಿದ್ದಷ್ಟೂ ಬಿಸಿಲನ್ನು ಹೆಚ್ಚು ಕುಡಿಯುತ್ತದೆ. ಪಕ್ಕೆಲುಬುಗಳನ್ನು ಹಿಗ್ಗಿಸಿ, ಮೈ ಚಪ್ಪಟೆ ಮಾಡಿ, ಸೂರ್ಯನಿಗೆ ಅಡ್ಡಲಾಗಿ ಓರೆಯಾಗುತ್ತದೆ. ಕಾದಂತೆ ಮಸಿ ಕರಗಿ ಒಣಹುಲ್ಲಿನ ಹಳದಿ ಮೂಡುತ್ತದೆ, ಬೆನ್ನಿನ ಕಂದು ಪಟ್ಟೆಗಳು ಒಂದೊಂದಾಗಿ ತೇಲಿ ಬರುತ್ತವೆ. ಬೆನ್ನುಹುರಿಯ ಮೇಲಿನ ಮುಳ್ಳುಸಾಲು ಕುತ್ತಿಗೆಯಲ್ಲಿ ಎತ್ತರ, ಬಾಲದ ಕಡೆಗೆ ಸಣ್ಣದಾಗುತ್ತ ಇಲ್ಲವಾಗುತ್ತದೆ. ಮೈಯ ಎರಡು ಪಟ್ಟಿಗೂ ಮಿಕ್ಕ ಬಾಲ ಗೋಡೆಯ ಮೇಲೆ ಬರೆದ ಗೆರೆಯಂತೆ ಇಳಿದಿರುತ್ತದೆ. ಹಲ್ಲಿಯಂತೆ ಇದು ಬಾಲ ಕಳಚಿಕೊಟ್ಟು ಪಾರಾಗುವ ಪ್ರಾಣಿಯಲ್ಲ.

ಮೈ ಪೂರಾ ಕಾದ ಮೇಲೆ ಕೆಂಪು ಬರುತ್ತದೆ. ತುಟಿಯಂಚಿನಲ್ಲಿ ಮೊದಲು ಕುಂಕುಮ ಸೋಕಿದ ಹಾಗೆ, ಆಮೇಲೆ ಗಂಟಲಿಗೆ, ಅಲ್ಲಿಂದ ಹೆಗಲಿಗೆ. ಗದ್ದದ ಇಕ್ಕೆಲದಲ್ಲಿ ಕಾಡಿಗೆಯ ಮಚ್ಚೆ. ಈ ಊರನ್ನು ಹಳೆಯ ಶಾಸನಗಳು ಪಲಾಶಿಕಾ ಎನ್ನುತ್ತವೆ. ಪಲಾಶವೆಂದರೆ ನಮ್ಮ ಮುತ್ತುಗ. ನಾನು ಬರುವ ಹೊತ್ತಿಗೆ ಮುತ್ತುಗದ ಹೂ ಉದುರಿ ತಿಂಗಳುಗಳೇ ಕಳೆದಿದ್ದವು, ಅದರ ಬಣ್ಣ ಮಾತ್ರ ಈ ಗೋಡೆಯ ಮೇಲೆ ಉಸಿರಾಡುತ್ತಿತ್ತು.

ಕೆಂಪೇರಿದ ಗಂಡು ಮುಂಗಾಲು ನೆಟ್ಟು ಎದೆಯೆತ್ತಿ ಇಳಿಸುತ್ತದೆ. ಎರಡು ಸಲ ಬೇಗ, ಒಂದು ಸಲ ನಿಧಾನ, ಆಮೇಲೆ ಗಂಟಲ ಚೀಲ ಹಿಗ್ಗಿಸಿ ಸುಮ್ಮನೆ ನಿಲ್ಲುತ್ತದೆ. ಏಳು ಮಾರು ಆಚೆ, ಅದೇ ಗೋಡೆಯಲ್ಲಿ ಇನ್ನೊಂದು ಗಂಡು ಅದಕ್ಕೆ ಉತ್ತರ ಕೊಡುತ್ತದೆ. ಒಂದು ಮಧ್ಯಾಹ್ನ ಎರಡೂ ಸಂಧಿಸಿದವು. ಹಿಂಗಾಲ ಮೇಲೆದ್ದು ಬಾಯಿಗೆ ಬಾಯಿ ಕೊಟ್ಟು ಸೆಣಸಿ, ಕೆಳಗೆ ಬಿದ್ದು, ಬೇರೆಯಾದವು. ಸೋತದ್ದು ಯಾವುದೆಂದು ಬಣ್ಣವೇ ಹೇಳಿತು. ಅದು ಹುಲ್ಲಿನತ್ತ ಸರಿಯುವಷ್ಟರಲ್ಲಿ ಕೆಂಪೆಲ್ಲ ಇಂಗಿ, ಮತ್ತೆ ಆ ಬೆಳಗಿನ ಬೂದಿಯಾಗಿತ್ತು. ಓತಿಕ್ಯಾತಕ್ಕೆ ಬೇಲಿ ಸಾಕ್ಷಿ ಎಂಬ ಗಾದೆ ನಮ್ಮಲ್ಲಿದೆ. ಇಲ್ಲಿ ಕಲ್ಲುಗೋಡೆ ಸಾಕ್ಷಿ.

ಹತ್ತು ಹನ್ನೊಂದು ದಿನ ಕಳೆದ ಮೇಲೆ ಅದು ನನ್ನನ್ನು ಗೋಡೆಯ ಬುಡದ ಒಂದು ಕಲ್ಲೆಂದು ಎಣಿಸಿರಬೇಕು, ಎರಡು ಗಜದಷ್ಟು ಹತ್ತಿರಕ್ಕೆ ಬಿಟ್ಟುಕೊಂಡಿತು. ದುರ್ಬೀನಿನಲ್ಲಿ ನೆತ್ತಿಯ ಹುರುಪೆಗಳು ಒಂದೊಂದೂ ಬಿಡಿಬಿಡಿಯಾಗಿ ಕಂಡವು. ಎರಡು ಕಣ್ಣುಗಳಿಗೂ ತುಸು ಹಿಂದೆ, ನಟ್ಟನಡುವೆ ಒಂದು ಹುರುಪೆಯಲ್ಲಿ ಸಾಸಿವೆಗಿಂತ ಸಣ್ಣ ಚುಕ್ಕೆಯಿತ್ತು. ಸುತ್ತಲಿನ ಹುರುಪೆಗಳು ಬಿಸಿಲಿಗೆ ಒರಟಾಗಿ ಕಂಡರೆ, ಆ ಚುಕ್ಕೆ ಮಾತ್ರ ಮಂಜುಗಟ್ಟಿದ ಗಾಜಿನಂತೆ ಬೆಳಕನ್ನು ಒಳಗೆ ಬಿಟ್ಟುಕೊಳ್ಳುತ್ತಿತ್ತು.

ಅದು ಓತಿಕ್ಯಾತದ ಮೂರನೆಯ ಕಣ್ಣು. ಮಾತಿನ ಅಲಂಕಾರಕ್ಕೆ ಹೇಳುತ್ತಿಲ್ಲ. ಹುರುಪೆಯ ಕೆಳಗೆ ತಲೆಬುರುಡೆಯಲ್ಲಿ ಒಂದು ರಂಧ್ರವಿದೆ, ರಂಧ್ರದಲ್ಲಿ ಮಸೂರವಿದೆ, ಮಸೂರದಡಿ ಬೆಳಕನ್ನು ಅರಿಯುವ ಪದರವಿದೆ, ಅಲ್ಲಿಂದ ಮಿದುಳಿಗೆ ನರವಿದೆ. ರೆಪ್ಪೆಯಿಲ್ಲ, ಹೊರಳುವುದಿಲ್ಲ, ಚಿತ್ರ ಕಟ್ಟುವುದಿಲ್ಲ. ಬೆಳಕೆಷ್ಟು, ಕತ್ತಲೆಷ್ಟು ಎಂಬುದಷ್ಟೇ ಅದರ ಅರಿವು. 1886ರಲ್ಲಿ ಬಾಲ್ಡ್‌ವಿನ್ ಸ್ಪೆನ್ಸರ್ ನ್ಯೂಜಿಲೆಂಡಿನ ಟುವಾಟಾರಾ ಎಂಬ ಪುರಾತನ ಪ್ರಾಣಿಯಲ್ಲಿ ಇದನ್ನು ಸೀಳಿ ನೋಡಿ ವಿವರಿಸಿದರು. 1958ರಲ್ಲಿ ಸ್ಟೆಬಿನ್ಸ್ ಮತ್ತು ಈಕಿನ್ ಅಮೆರಿಕದ ಬೇಲಿ ಓತಿಗಳಲ್ಲಿ ಈ ಕಣ್ಣನ್ನು ತೆಗೆದು ನೋಡಿದಾಗ, ಅವು ಉಳಿದವಕ್ಕಿಂತ ಹೆಚ್ಚು ಹೊತ್ತು ಬಿಸಿಲಿನಲ್ಲಿ ಉಳಿದವು. ಸಾಕು, ಇನ್ನು ನೆರಳಿಗೆ ಹೋಗು ಎನ್ನುವ ದನಿ ಅವುಗಳೊಳಗೆ ಮೆತ್ತಗಾಗಿತ್ತು. ನಾನು ಅಂಥದ್ದೇನನ್ನೂ ಮಾಡಲಿಲ್ಲ, ಮಾಡಲಾರೆ. ನೋಡಿದ್ದಿಷ್ಟೇ: ಹತ್ತು ಗಂಟೆ ದಾಟುತ್ತಿದ್ದಂತೆ, ಕಲ್ಲು ಅಂಗೈಗೆ ಚುರುಕ್ಕೆನ್ನುವ ಹೊತ್ತಿಗೆ, ಅದು ಪ್ರತಿದಿನವೂ ತಾನಾಗಿ ಗೋಡೆಯ ನೆರಳಿನ ಬದಿಗೆ ಸುತ್ತಿ ಹೋಗುತ್ತಿತ್ತು.

ಗುಡಿಯೊಳಗೆ ಲೊಚಗುಟ್ಟುವ ಹಲ್ಲಿಗೆ ಈ ಕಣ್ಣಿಲ್ಲ. ಶಕುನ ಕೇಳಲು ನಾವು ಹಲ್ಲಿಯತ್ತ ತಿರುಗುತ್ತೇವೆ, ಓತಿಯತ್ತ ಕಲ್ಲು ಬೀರುತ್ತೇವೆ.

ಈ ಗುಡಿಯ ಶಾಸನಗಳಲ್ಲಿ ಹೆಸರು ಉಳಿದಿರುವ ಶಿವಚಿತ್ತ ಪೆರ್ಮಾಡಿ ಹನ್ನೆರಡನೆಯ ಶತಮಾನದ ಗೋವೆಯ ಕದಂಬ. ಆ ಮನೆತನ ತನ್ನ ಮೂಲಪುರುಷನನ್ನು ತ್ರಿಲೋಚನ ಕದಂಬ ಎಂದು ಕರೆಯಿತು. ನಮ್ಮ ಕಥೆಗಳಲ್ಲಿ ಅವನೇ ಮುಕ್ಕಣ್ಣ. ತ್ರಿಪುರವನ್ನು ಸುಟ್ಟು ದಣಿದ ಶಿವನ ಹಣೆಯಿಂದ ಬೆವರ ಹನಿಯೊಂದು ಕದಂಬ ಮರದ ಬುಡಕ್ಕೆ ಬಿತ್ತು, ಅದರಿಂದ ಅವನು ಹುಟ್ಟಿದ, ಹಣೆಯಲ್ಲಿ ಕಣ್ಣಿತ್ತು. ಇನ್ನೊಂದು ಪಾಠದಲ್ಲಿ ಅವನು ರುದ್ರನಿಗೂ ಭೂದೇವಿಗೂ ಹುಟ್ಟಿದ ಮಗ. ಹಣೆಗಣ್ಣಿನ ಮೇಲೆ ಪಟ್ಟ ಕಟ್ಟಬಾರದೆಂದು ಮಂಡಿಗೆ ಕಟ್ಟಿದರಂತೆ. ಈ ವಿವರ ನನಗೆ ಬಹಳ ಇಷ್ಟ. ಕಥೆ ಕಟ್ಟಿದವನಿಗೆ ಪವಾಡಕ್ಕಿಂತ ಕಣ್ಣಿನ ಚಿಂತೆಯಿತ್ತು. ತೆರೆದಿರಬೇಕಾದದ್ದನ್ನು ಚಿನ್ನದಿಂದಲಾದರೂ ಮುಚ್ಚಬಾರದು ಎಂಬುದು ಅವನಿಗೆ ಗೊತ್ತಿತ್ತು.

ಹಿಂದಕ್ಕೆ ಹೋದಷ್ಟೂ ಈ ಕಣ್ಣು ಮಾಯವಾಗುತ್ತದೆ. ಶಿಕಾರಿಪುರ ತಾಲೂಕಿನ ತಾಳಗುಂದದಲ್ಲಿ ಕವಿ ಕುಬ್ಜ ರಚಿಸಿದ ಐದನೆಯ ಶತಮಾನದ ಸ್ತಂಭಶಾಸನವಿದೆ. ಅದರಲ್ಲಿ ಬೆವರ ಹನಿಯಿಲ್ಲ, ಹಣೆಗಣ್ಣಿಲ್ಲ. ಗುರು ವೀರಶರ್ಮನೊಡನೆ ಓದಲು ಕಂಚಿಯ ಘಟಿಕೆಗೆ ಹೋಗಿ, ಅಲ್ಲಿ ಪಲ್ಲವರ ಕುದುರೆಯವನೊಡನೆ ಜಗಳವಾಗಿ, ದರ್ಭೆ ಹಿಡಿದ ಕೈಯಲ್ಲಿ ಕತ್ತಿ ಹಿಡಿದ ಮಯೂರಶರ್ಮನಿದ್ದಾನೆ. ಅವನ ಹಿರಿಯರ ಮನೆಯ ಬಳಿ ಒಂದು ಕದಂಬ ಮರವಿತ್ತು, ಅವರು ಅದನ್ನು ಜೋಪಾನ ಮಾಡಿದರು, ಅದರಿಂದ ಕುಲಕ್ಕೆ ಹೆಸರು ಬಂತು. ಮರವೊಂದನ್ನು ಸಾಕಿದವರ ವಂಶದಲ್ಲಿ ಆರುನೂರು ವರ್ಷಗಳ ಆಚೆ ಮೂರು ಕಣ್ಣಿನವನು ಹುಟ್ಟಿಕೊಂಡ. ನನಗೆ ಆ ಮರದ ಕಥೆಯೇ ಹೆಚ್ಚು ಬೆರಗಿನದು.

ಅಂಗಳ ಗುಡಿಸುವ ಅಜ್ಜಿಯೊಬ್ಬರು ದಿನವೂ ನನ್ನನ್ನು ಸುತ್ತು ಬಳಸಿ ಹೋಗುತ್ತಿದ್ದರು. ಒಂದು ದಿನ ಕಸಬರಿಗೆ ನಿಲ್ಲಿಸಿ ಕೇಳಿದರು.

“ಏನ್ ನೋಡಾಕತ್ತೀಯೋ ತಮ್ಮಾ, ಇಷ್ಟ ದಿನದಿಂದ?”

“ಓತಿಕ್ಯಾತ ನೋಡ್ತೀನಿ, ಆಯಿ.”

“ಅದರಾಗ ಏನೈತಿ ನೋಡೂದು?”

ದುರ್ಬೀನು ಕೊಟ್ಟು, ಹಿಡಿಯುವ ಬಗೆ ತೋರಿಸಿದೆ. ಮೊದಲು ಅವರಿಗೆ ಬರೀ ಕಲ್ಲು ಕಂಡಿತು, ಆಮೇಲೆ ಬಾಲ. ನಾನು ಏನೂ ಹೇಳಲಿಲ್ಲ. ಅವರ ಉಸಿರು ನಿಧಾನವಾಯಿತು. ಬಹಳ ಹೊತ್ತಿನ ಮೇಲೆ ದುರ್ಬೀನು ಇಳಿಸದೆಯೇ ಅಂದರು: “ನೆತ್ತಿ ಮ್ಯಾಲ ಸಣ್ಣದೊಂದು ಹರಳ ಕುಂತಂಗೈತಲ್ಲೋ.”

ಮರುದಿನದಿಂದ ಅವರು ಆ ಗೋಡೆಯ ಬುಡದಲ್ಲಿ ಕಸಬರಿಗೆಯನ್ನು ಮೆತ್ತಗೆ ಆಡಿಸುತ್ತಿದ್ದರು.

ಕಾರ ಹುಣ್ಣಿಮೆಗೆ ನಾಲ್ಕು ದಿನವಿರುವಾಗ ಮೊದಲ ಮಳೆ ಬಿದ್ದು ನೆಲ ಮೆತ್ತಗಾಯಿತು. ಅಂದು ಸಂಜೆ ಹೆಣ್ಣೊಂದು ಗೋಡೆಯಿಂದ ಇಳಿಯಿತು. ಮಾಸಲು ಕಂದು ಮೈ, ಬೆನ್ನಿನ ಎರಡೂ ಬದಿಗೆ ತಿಳಿ ಗೆರೆ, ಹೊಟ್ಟೆ ತುಂಬಿ ಓಲಾಡುವ ನಡಿಗೆ. ಮೂರು ಕಡೆ ಮಣ್ಣು ಕೆದಕಿ ಬಿಟ್ಟಿತು. ನಾಲ್ಕನೆಯ ಕಡೆ ನಿಂತು ಮುಂಗಾಲುಗಳಿಂದ ಸರದಿಯಂತೆ ತೋಡಿತು: ಬಲ, ಬಲ, ಎಡ, ಮತ್ತೆ ಬಿಡುವು. ಗುಳಿಯಾದ ಮೇಲೆ ತಿರುಗಿ ಬಾಲದ ಬುಡವನ್ನು ಅದರೊಳಗಿಳಿಸಿತು. ಬಿಳಿಯ ಉದ್ದುದ್ದ ಮೊಟ್ಟೆಗಳು ಒಂದೊಂದಾಗಿ ಬಿದ್ದವು. ಹನ್ನೊಂದನ್ನು ಎಣಿಸಿದೆ, ಆಮೇಲೆ ಬೆಳಕು ಸಾಲಲಿಲ್ಲ. ಮಣ್ಣೆಳೆದು ಮುಚ್ಚಿ, ಗದ್ದದಿಂದ ಒತ್ತಿ ಒತ್ತಿ ಗಟ್ಟಿ ಮಾಡಿ, ಮೇಲೊಂದಿಷ್ಟು ಕಸ ಎಳೆದು, ಅದು ಹಿಂದೆ ನೋಡದೆ ಗೋಡೆ ಏರಿತು. ಗುರುತಿಗೆ ಕಲ್ಲಿಡೋಣವೆನಿಸಿದರೂ ಇಡಲಿಲ್ಲ. ಆಯಿಗೆ ಮಾತ್ರ ಜಾಗ ತೋರಿಸಿದೆ.

ಮೊಟ್ಟೆಯೊಡೆಯಲು ಆರೇಳು ವಾರ ಬೇಕು. ಅಷ್ಟರಲ್ಲಿ ಹಲಸಿಯ ಮೇಲೆ ಆಷಾಢದ ಮಳೆ ಸುರಿಯುತ್ತಿರುತ್ತದೆ. ಮಣ್ಣು ಸರಿಸಿ ಹೊರಬರುವ ಮರಿಗಳಿಗೆ ಹಾಲೂಡುವ ತಾಯಿಯಿಲ್ಲ, ಕಾಯುವ ತಂದೆಯಿಲ್ಲ. ನೆತ್ತಿಯ ಮೇಲೆ ಆ ಕಣ್ಣು ಮಾತ್ರ ಹುಟ್ಟುವಾಗಲೇ ಇರುತ್ತದೆ.