ಕೆರೆ ಕೋಡಿಯತ್ತ ಒಂದು ಕಣ್ಣಿರಲಿ

2022ರ ಆಗಸ್ಟ್ ಕೊನೆಯಲ್ಲಿ ಸುರಿದ ಮಳೆಯನ್ನು ರಾಮನಗರ, ಚನ್ನಪಟ್ಟಣದ ಕಡೆಯವರು ಮರೆತಿರಲಾರರು. ಕೆರೆಗಳು ಕೋಡಿ ಬಿದ್ದವು, ರಾಮನಗರದ ತಗ್ಗಿನ ಬೀದಿಗಳಿಗೆ ನೀರು ನುಗ್ಗಿತು, ಬೆಂಗಳೂರು–ಮೈಸೂರು ಹೆದ್ದಾರಿಯೇ ಹೊಳೆಯಾಯಿತು. ಮರುವರ್ಷ ನೋಡಿದರೆ ಬರ! 2023ರಲ್ಲಿ ರಾಜ್ಯದ 236 ತಾಲ್ಲೂಕುಗಳ ಪೈಕಿ 223ನ್ನು ಸರ್ಕಾರ ಬರಪೀಡಿತವೆಂದು ಸಾರಿತು. ಹಿಂದಿನ ವರ್ಷ ಹರಿದುಹೋದ ನೀರನ್ನು ನೆನೆದು ಕೈ ಕೈ ಹಿಸುಕಿಕೊಂಡದ್ದೇ ಬಂತು.

ನೆರೆಗೂ ಬರಕ್ಕೂ ನಮ್ಮ ಹಿರಿಯರು ಕಂಡುಕೊಂಡ ಉಪಾಯ ಕೆರೆ. ಮೇಲಿನ ಕೆರೆಯ ಕೋಡಿ ನೀರು ಕೆಳಗಿನ ಕೆರೆಗೆ, ಅಲ್ಲಿಂದ ಮುಂದಿನದಕ್ಕೆ. ತೂಬು ನೋಡಿಕೊಳ್ಳಲು ನೀರುಗಂಟಿ ಇದ್ದ. ಈಗ 40 ಹೆಕ್ಟೇರಿಗಿಂತ ಹೆಚ್ಚು ಅಚ್ಚುಕಟ್ಟಿರುವ ಕೆರೆಗಳು ಸಣ್ಣ ನೀರಾವರಿ ಇಲಾಖೆಯ ಪಾಲಿಗೆ, ಚಿಕ್ಕವು ಪಂಚಾಯತಿಗಳ ಪಾಲಿಗೆ ಬಂದಿವೆ. ಆದರೆ ನಡುರಾತ್ರಿ ಏರಿ ಜಿನುಗಿದರೆ ಮೊದಲು ಕಾಣುವವರು ನೀವೇ. ಇಲಾಖೆಯ ಜೀಪು ಬರುವಷ್ಟರಲ್ಲಿ ಬೆಳಗಾಗಿರುತ್ತದೆ.

ಬಿಡದಿ ಕೈಗಾರಿಕಾ ಪ್ರದೇಶದ ಸುತ್ತಲಿನವರಿಗೆ ಇನ್ನಷ್ಟು ಎಚ್ಚರ ಅಗತ್ಯ. ಹೊಲ ಕುಡಿಯುತ್ತಿದ್ದ ಮಳೆಯನ್ನು ಷೆಡ್ಡಿನ ತಗಡಾಗಲಿ, ಡಾಂಬರು ರಸ್ತೆಯಾಗಲಿ ಕುಡಿಯವು. ಅಷ್ಟೂ ನೀರು ಒಮ್ಮೆಗೇ ಹಳ್ಳಕ್ಕೆ ಬೀಳುತ್ತದೆ.

ಆದ್ದರಿಂದ ಮುಂಗಾರಿಗೆ ಮುನ್ನವೇ ನಾಲ್ಕು ಜನ ಸೇರಿ ಕೋಡಿಯಿಂದ ಕೆಳಗಿನ ಕೆರೆಯವರೆಗೆ ಕಾಲುವೆಯುದ್ದಕ್ಕೂ ನಡೆದು ನೋಡಿ. ಜೊಂಡು, ಮುಳ್ಳುಕಂಟಿ ತೆಗೆಸಿ. ಮೀನು ತಪ್ಪಿಸಿಕೊಳ್ಳದಂತೆ ಕೋಡಿಗೆ ಜಾಲರಿ ಕಟ್ಟುವುದುಂಟು. ಕಸ ಕಟ್ಟಿಕೊಂಡರೆ ಅದೇ ಅಡ್ಡಗಟ್ಟೆಯಾಗಿ ನೀರು ಏರಿಯ ಮೇಲೆ ಹತ್ತುತ್ತದೆ. ಇನ್ನೊಂದಡಿ ನೀರು ನಿಲ್ಲಲೆಂದು ಕೋಡಿಗೆ ಮರಳು ಮೂಟೆ ಪೇರಿಸುವವರಿಗೂ ಇದೇ ಮಾತು. ಆ ಒಂದಡಿಯ ಆಸೆಗೆ ಇಡೀ ಕೆರೆ ಹೋದೀತು.

ಏರಿಯ ಹಿಂಬದಿಯ ಬುಡದಲ್ಲಿ ಜಿನುಗುವ ನೀರು ತಿಳಿಯಾಗಿದ್ದರೆ ಕಣ್ಣಿಟ್ಟಿರಿ. ಕೆಂಪಾಗಿ, ಕದಡಿ ಬಂದರೆ ಏರಿಯ ಮಣ್ಣೇ ಕೊಚ್ಚಿಬರುತ್ತಿದೆ ಎಂದರ್ಥ. ಆಗ ಜೇಡಿಮಣ್ಣು ಮೆತ್ತಿ ಬಾಯಿ ಮುಚ್ಚಬಾರದು, ನೀರು ಇನ್ನೊಂದೆಡೆ ಬಾಯಿ ತೆರೆಯುತ್ತದೆ. ಮೊದಲು ಮರಳು, ಅದರ ಮೇಲೆ ಜಲ್ಲಿ ಹಾಕಿದರೆ ನೀರು ಹೊರಬಂದರೂ ಮಣ್ಣು ಉಳಿಯುತ್ತದೆ. ಅದಕ್ಕೂ ಮೊದಲು ಕೆಳಗಿನ ಊರಿಗೆ ಫೋನ್ ಮಾಡಿ, ಜನ, ದನಕರು ಎತ್ತರಕ್ಕೆ ಹೋಗಲಿ. ಒಂದು ಕೆರೆ ಒಡೆದರೆ ಆ ರಭಸಕ್ಕೆ ಮುಂದಿನದೂ ಒಡೆಯುವ ಸಂಭವವುಂಟು.

ಮಳೆಯ ಲೆಕ್ಕವಿಡಲು ಸರ್ಕಾರದ ಏರ್ಪಾಡಿದೆ. 1988ರಲ್ಲಿ ಬರದ ನಿಗಾ ಘಟಕವಾಗಿ ಹುಟ್ಟಿದ ಸಂಸ್ಥೆಯೇ ಇಂದಿನ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರ. ಗ್ರಾಮ ಪಂಚಾಯತಿ ಮಟ್ಟದಲ್ಲಿ ಅದು ತಾನೇ ಲೆಕ್ಕ ಕಳಿಸುವ ಮಳೆಮಾಪಕಗಳನ್ನು ನೆಟ್ಟಿದೆ. ಅದರ 'ವರುಣ ಮಿತ್ರ' ಸಹಾಯವಾಣಿಯಲ್ಲಿ ಮುನ್ಸೂಚನೆ ಕೇಳಬಹುದು. ರಾಗಿ ಕೊಯ್ಯುವ ಮುನ್ನ ಕೇಳುವುದು ಲೇಸು. 2021ರ ನವೆಂಬರಿನಲ್ಲಿ, ಮತ್ತೆ 2024ರ ಡಿಸೆಂಬರ್ ಮೊದಲಲ್ಲಿ ಫೆಂಗಲ್ ಚಂಡಮಾರುತದ ಬಾಲದ ಮಳೆ ಬಂದಾಗ, ಹೊಲದಲ್ಲಿ ಹರಡಿದ್ದ ತೆನೆ ನೆನೆದ ಸಂಕಟ ಈ ಸೀಮೆಗೆ ಗೊತ್ತು.

ವಿಮೆ ಮಾಡಿಸಿದವರು ಇದನ್ನು ತಪ್ಪದೆ ಗಮನಿಸಬೇಕು. ಕೊಯ್ದು ಹೊಲದಲ್ಲೇ ಒಣಗಲು ಹರಡಿದ ಬೆಳೆಗೆ ಅಕಾಲಿಕ ಮಳೆಯಿಂದ ಹಾನಿಯಾದರೆ ಫಸಲ್ ಬಿಮಾ ಯೋಜನೆಯಲ್ಲಿ ಕೊಯ್ಲಾದ 14 ದಿನಗಳವರೆಗೆ ರಕ್ಷಣೆಯಿದೆ. ಆದರೆ ಹಾನಿಯಾದ 72 ಗಂಟೆಯೊಳಗೆ ವಿಮಾ ಕಂಪನಿಗೋ, ಬ್ಯಾಂಕಿಗೋ, ಕೃಷಿ ಇಲಾಖೆಗೋ ತಿಳಿಸಿರಬೇಕು. 14447ಕ್ಕೆ ಫೋನ್ ಮಾಡಿದರೂ ಆದೀತು. ಗ್ರಾಮ ಆಡಳಿತ ಅಧಿಕಾರಿಗೆ ಹೇಳಿದ್ದಾಯಿತೆಂದು ಸುಮ್ಮನಾಗಬೇಡಿ. ಅದು ಸರ್ಕಾರದ ಪರಿಹಾರದ ದಾರಿ, ವಿಮೆಯದು ಬೇರೆ. ವಿಮೆ ರಾಗಿಗೆ ಕಟ್ಟಿ ಬೆಳೆ ಸಮೀಕ್ಷೆಯಲ್ಲಿ ಇನ್ನೇನೋ ದಾಖಲಾಗಿದ್ದರೆ ಅರ್ಜಿ ಅಲ್ಲೇ ನಿಲ್ಲುತ್ತದೆ. ಸಮೀಕ್ಷೆಯವರು ಬಂದ ದಿನ ನೀವೂ ಹೊಲದಲ್ಲಿರಿ.